ಹವಳಕ್ಕೂ ಕಂದು ಒಡೆಯುತ್ತದೆ

ಕೇಳುಗರಿಗೆಲ್ಲ ನಮಸ್ಕಾರ. ನಾನು ಚಿಕ್ಕಬಳ್ಳಾಪುರದ ಕಡೆಯ ದ್ರಾಕ್ಷಿ ತೋಟದ ಮನೆಯವಳು. ಕಡಲು ನಮಗೆ ದೂರ. ಆದರೂ ಇವತ್ತು ಹವಳದ ವಿಷಯ ಹೇಳುತ್ತೇನೆ.

ಅಮೆರಿಕದಲ್ಲಿರುವ ನನ್ನ ತಮ್ಮ ಮನೆಯಲ್ಲೇ ಉಪ್ಪುನೀರಿನ ಗಾಜಿನ ತೊಟ್ಟಿ ಇಟ್ಟು ಕಲ್ಲು ಹವಳ ಸಾಕಿದ್ದಾನೆ. ಹವಳ ಗಿಡವಲ್ಲ, ಪ್ರಾಣಿ. ಒಂದು ಬಾಯಿ, ಸುತ್ತ ಮೆತ್ತನೆಯ ಎಳೆಗಳು. ಇದಕ್ಕೆ ಪಾಲಿಪ್ ಅಂತ ಹೆಸರು. ಇದು ತನ್ನ ಅಡಿಯಲ್ಲಿ ತಾನೇ ಸುಣ್ಣದ ಕಲ್ಲು ಕಟ್ಟಿಕೊಳ್ಳುತ್ತದೆ. ನಮ್ಮ ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬೆಳ್ಳಗೆ ಕಟ್ಟುತ್ತದಲ್ವಾ, ಹೆಚ್ಚುಕಡಿಮೆ ಅದೇ ವಸ್ತು.

ಕಡಲಿನಲ್ಲಿ ಹವಳ ಮೊಟ್ಟೆ ಬಿಟ್ಟೂ ಸಂತಾನ ಬೆಳೆಸುತ್ತದೆ. ಮನೆಯ ತೊಟ್ಟಿಯಲ್ಲಿ ಅದು ಅಪರೂಪ. ಅಲ್ಲಿ ಜಾಸ್ತಿ ನಡೆಯುವುದು ನಮ್ಮ ತೋಟದ ದಾರಿಯೇ. ಕೊಂಬೆ ಹವಳದ ತುಂಡನ್ನು ಕಲ್ಲಿಗೆ ಅಂಟಿಸಿದರೆ ದ್ರಾಕ್ಷಿ ಕಡ್ಡಿ ನೆಟ್ಟ ಹಾಗೆ ಚಿಗುರುತ್ತದೆ. ನೀರು ಒಗ್ಗದಿದ್ದರೆ ಕೆಲವು ಜಾತಿಯ ಪಾಲಿಪ್‌ಗಳು ಕಲ್ಲಿನ ಮನೆಯನ್ನೇ ಬಿಟ್ಟು ತೇಲಿ ಹೋಗುತ್ತವೆ. ಅದೃಷ್ಟವಿದ್ದರೆ ಬೇರೆ ಕಡೆ ಕೂತು ಹೊಸ ಕಲ್ಲು ಕಟ್ಟುತ್ತವೆ.

ನನ್ನ ಮನಸ್ಸು ಹಿಡಿದದ್ದು ತಟ್ಟೆ ಹವಳ, ಫಂಜಿಯಾ. ಅಂಗೈಯಷ್ಟು ಅಗಲದ ಒಂದೇ ಪಾಲಿಪ್. ಹೋದ ಸಲ ತೊಟ್ಟಿಯ ಹೀಟರ್ ಕೆಟ್ಟು ನೀರು ಕಾದುಹೋಯಿತು. ಹವಳದ ಮಾಂಸ ಕರಗಿ ಬಿಳಿ ಕಲ್ಲಷ್ಟೇ ಉಳಿಯಿತು. ತಮ್ಮನ ಹೆಂಡತಿ, 'ಸತ್ತಿದೆ, ತೆಗೆದು ಹಾಕೋಣ' ಅಂದಳು. ತಮ್ಮ ಸುಮ್ನೆ ಒಂದು ಮೂಲೆಯಲ್ಲಿ ಬಿಟ್ಟ.

ಕೆಲವು ತಿಂಗಳಾದ ಮೇಲೆ ನಾನು ಹೋಗಿದ್ದೆ. ಭೂತಗನ್ನಡಿ ಕೈಗೆ ಕೊಟ್ಟು, 'ಅಕ್ಕ, ನೋಡು' ಅಂದ. ಬಿಳಿ ಕಲ್ಲಿನ ಸಂದಿಯಲ್ಲಿ ಸಾಸಿವೆ ಗಾತ್ರದ ಹಸಿರು ಚುಕ್ಕೆಗಳು. ಪ್ರತಿ ಚುಕ್ಕೆಗೂ ಒಂದು ಪುಟಾಣಿ ಬಾಯಿ! ನೋಡನೋಡುತ್ತಲೇ ಕಣ್ಣು ತುಂಬಿಬಂತು. ಗೊನೆ ಕಡಿದ ಬಾಳೆಯ ಬುಡದಲ್ಲಿ ಕಂದು ಏಳುವುದನ್ನು ಎಷ್ಟು ಸಲ ನೋಡಿದ್ದೇನೆ, ಇದೂ ಅದೇ. ತಾಯಿಯ ಅಳಿದುಳಿದ ಚೂರು ಮಾಂಸದಿಂದಲೇ ಎದ್ದ ಮರಿಗಳು.

ಇದನ್ನು ಕೇಳಿ ಯಾರೂ ಕಡಲಲ್ಲಿ ಹವಳ ಮುರಿಯಬೇಡಿ. ನಮ್ಮ ನೇತ್ರಾಣಿ ದ್ವೀಪದ ಸುತ್ತಲೂ ಹವಳವಿದೆ. ದೇಶದ ಎಲ್ಲ ಕಲ್ಲು ಹವಳಗಳೂ 2001ರಿಂದ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ, ಹುಲಿಯ ಜೊತೆಗೇ.

ಆ ಮರಿಗಳು ಮೊದಲು ಸಣ್ಣ ತೊಟ್ಟಿನ ಮೇಲೆ ನಿಲ್ಲುತ್ತವೆ, ಆಮೇಲೆ ಅಣಬೆಯ ಹಾಗೆ ಅಗಲವಾಗುತ್ತವೆ. ಒಂದು ದಿನ ತೊಟ್ಟು ಕಳಚಿ ಮರಳಿಗೆ ಬೀಳುತ್ತವೆ. ಮೊನ್ನೆ ತಮ್ಮ ಫೋನ್ ಮಾಡಿದ್ದ. ಮೊದಲ ಮರಿ ಕಳಚಿದೆಯಂತೆ. ಉಳಿದ ತೊಟ್ಟಿನ ತುದಿಯಲ್ಲಿ ಆಗಲೇ ಇನ್ನೊಂದು ಬಾಯಿ ಮೂಡುತ್ತಿದೆಯಂತೆ.