ಖೇಮ್‌ಕರಣ್‌ನ ಕೆಸರು, ಅಂಗೈ ಮೇಲಿನ ಟ್ಯಾಂಕು

ಕೇಳುಗರೆಲ್ಲರಿಗೂ ನಮಸ್ಕಾರ.

ನನ್ನ ಮೇಜಿನ ಮೇಲೆ ಈಗ ಹನ್ನೊಂದು ಟ್ಯಾಂಕುಗಳು ನಿಂತಿವೆ. ಭಾರತದ ಕಡೆಯ ಆರು ಸೆಂಚೂರಿಯನ್, ಪಾಕಿಸ್ತಾನದ ಕಡೆಯ ಐದು ಪ್ಯಾಟನ್. ಒಂದೊಂದೂ ಬೆರಳುದ್ದ, ಅಂದರೆ ನಿಜವಾದ ಟ್ಯಾಂಕಿನ ನೂರನೇ ಒಂದು ಪಾಲು. 1965ರ ಸೆಪ್ಟೆಂಬರ್‌ನಲ್ಲಿ ಪಂಜಾಬಿನ ಖೇಮ್‌ಕರಣ್ ಹತ್ತಿರ, ಅಸಲ್ ಉತ್ತರ್ ಎಂಬ ಹಳ್ಳಿಯ ಸುತ್ತ ಒಂದು ದೊಡ್ಡ ಟ್ಯಾಂಕ್ ಕಾಳಗ ನಡೆಯಿತು. ಅದನ್ನು ಮೇಜಿನ ಮೇಲೆ ಆಡುವುದಕ್ಕೆ ಈ ಎರಡು ಪುಟ್ಟ ಸೇನೆಗಳನ್ನು ಸಿದ್ಧ ಮಾಡುತ್ತಿದ್ದೇನೆ.

ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಚದುರಂಗದ ಹಾಗೆ ಇಲ್ಲಿ ಮನೆಗಳಿಲ್ಲ. ಟೇಪು ಹಿಡಿದು ಅಳೆದು ಟ್ಯಾಂಕನ್ನು ಸರಿಸಬೇಕು. ಗುಂಡು ತಾಗಿತೋ ಇಲ್ಲವೋ ಎಂದು ದಾಳ ಹಾಕಿ ನೋಡಬೇಕು. ಕೆಸರಿಗೆ ಇಳಿದರೆ ಹೂತುಕೊಂಡಿತೋ ಇಲ್ಲವೋ ಎನ್ನುವುದಕ್ಕೂ ದಾಳವೇ. ಆಡುವವರು ತಮ್ಮ ಸೇನೆಯನ್ನು ತಾವೇ ಅಂಟಿಸಿ, ತಾವೇ ಬಣ್ಣ ಬಳಿಯುತ್ತಾರೆ. ನನಗಂತೂ ಆಟಕ್ಕಿಂತ ಈ ಬಣ್ಣದ ಕೆಲಸವೇ ಜಾಸ್ತಿ ಇಷ್ಟ.

ಬಣ್ಣ ಬಳಿದ ಮೇಲೆ ಇನ್ನೊಂದು ಕೆಲಸ ಇರುತ್ತದೆ. ಅದಕ್ಕೆ ವೆದರಿಂಗ್ ಅನ್ನುತ್ತಾರೆ. ಮಳೆ, ಬಿಸಿಲು, ಧೂಳು, ಕೆಸರು, ತುಕ್ಕು ಒಂದು ಯಂತ್ರದ ಮೇಲೆ ಉಳಿಸುವ ಗುರುತುಗಳನ್ನೆಲ್ಲ ಬಣ್ಣದಲ್ಲಿ ತರುವ ಕೆಲಸ. ಸುಮ್ನೆ ಗಲೀಜು ಮಾಡಿದರೆ ಆಗುವುದಿಲ್ಲ. ಈ ಟ್ಯಾಂಕು ಎಲ್ಲಿ ಓಡಾಡಿದೆ, ಎಲ್ಲಿ ನಿಂತಿದೆ ಅಂತ ಆ ಕಲೆಗಳೇ ಹೇಳಬೇಕು. ಇದು ನನಗೆ ಗೊತ್ತಾಗಿದ್ದು ಒಂದು ತಪ್ಪು ಮಾಡಿದ ಮೇಲೆ.

ಮೊದಲ ಪ್ಯಾಟನ್‌ಗೆ ಕೆಸರು ಹಚ್ಚುವಾಗ ನಮ್ಮ ಮನೆ ಹಿತ್ತಲಿನ ಮಣ್ಣನ್ನೇ ಜರಡಿ ಹಿಡಿದು, ಅಂಟಿನಲ್ಲಿ ಕಲಸಿ ಬಳಿದೆ. ನಮ್ಮದು ಬೆಂಗಳೂರಿನ ಕೆಂಪು ಮಣ್ಣು. ಒಣಗಿದ ಮೇಲೆ ನೋಡಿದರೆ ಚೆನ್ನಾಗಿಯೇ ಇತ್ತು. ಆದರೆ ಅದು ಕೋಲಾರದ ಕಡೆಯಿಂದ ಬಂದ ಟ್ಯಾಂಕಿನ ಹಾಗಿತ್ತು! ಖೇಮ್‌ಕರಣ್ ಇರುವುದು ಪಂಜಾಬಿನ ಬಯಲಿನಲ್ಲಿ. ಅಲ್ಲಿಯದು ಹೊಳೆಗಳು ತಂದು ಹಾಸಿದ ನುಣ್ಣನೆಯ ಮೆಕ್ಕಲು ಮಣ್ಣು. ಒಣಗಿದರೆ ಬೂದು ಬೆರೆತ ತಿಳಿಕಂದು, ನೆನೆದರೆ ಗಾಢ ಕಂದು. ಕೆಂಪಿನ ಸುಳಿವೂ ಇರುವುದಿಲ್ಲ. ಹಚ್ಚಿದ್ದನ್ನೆಲ್ಲ ಕೆರೆದು ತೆಗೆದೆ.

ಆ ಕಾಳಗದಲ್ಲಿ ಕೆಸರು ಸಣ್ಣ ವಿಷಯ ಆಗಿರಲಿಲ್ಲ. ಪಾಕಿಸ್ತಾನದ ಒಂದನೇ ಆರ್ಮರ್ಡ್ ಡಿವಿಷನ್ ಪ್ಯಾಟನ್ ಟ್ಯಾಂಕುಗಳೊಂದಿಗೆ ನುಗ್ಗಿ ಬಂದಿತ್ತು. ಎದುರಿಗಿದ್ದ ನಮ್ಮ ನಾಲ್ಕನೇ ಮೌಂಟನ್ ಡಿವಿಷನ್ ಸ್ವಲ್ಪ ಹಿಂದೆ ಸರಿದು, ಅಸಲ್ ಉತ್ತರ್ ಸುತ್ತ ಕುದುರೆ ಲಾಳದ ಆಕಾರದಲ್ಲಿ ನೆಲೆ ನಿಂತಿತು. ಕಬ್ಬಿನ ಗದ್ದೆಗಳಿಗೆ ನೀರು ಬಿಟ್ಟರು. 40 ಟನ್ನಿಗೂ ಜಾಸ್ತಿ ತೂಕದ ಪ್ಯಾಟನ್‌ಗಳು ಆ ಹಸಿ ನೆಲದಲ್ಲಿ ಹೂತುಕೊಂಡವು. ಎತ್ತರದ ಕಬ್ಬಿನೊಳಗೆ ಮರೆಯಾಗಿ ನಿಂತಿದ್ದ, ಥರ್ಡ್ ಕ್ಯಾವಲ್ರಿ ಎಂಬ ನಮ್ಮ ಟ್ಯಾಂಕ್ ಪಡೆಯ ಸೆಂಚೂರಿಯನ್‌ಗಳು ಹತ್ತಿರ ಬರುವ ತನಕ ಕಾದಿದ್ದು ಹೊಡೆದವು. ನಾಲ್ಕನೇ ಗ್ರೆನೇಡಿಯರ್ಸ್‌ನ ಹವಾಲ್ದಾರ್ ಅಬ್ದುಲ್ ಹಮೀದ್ ಜೀಪಿನ ಮೇಲೆ ಕೂರಿಸಿದ 106 ಮಿಲಿಮೀಟರ್ ತೋಪಿನಿಂದ ಒಂದರ ಹಿಂದೆ ಒಂದು ಟ್ಯಾಂಕನ್ನು ಒಡೆದು, ಸೆಪ್ಟೆಂಬರ್ 10ರಂದು ಅಲ್ಲೇ ಪ್ರಾಣ ಬಿಟ್ಟರು. ಅವರಿಗೆ ಪರಮವೀರ ಚಕ್ರ ಬಂತು.

ಹಾಗಾಗಿ ಎರಡೂ ಕಡೆಯ ಟ್ಯಾಂಕುಗಳಿಗೆ ಒಂದೇ ಥರ ಕೆಸರು ಹಚ್ಚಿದರೆ ಕಥೆಯೇ ಕೆಟ್ಟುಹೋಗುತ್ತದೆ. ನೀರಿನ ಗದ್ದೆಗೆ ಇಳಿದು ಒದ್ದಾಡಿದ್ದು ಪ್ಯಾಟನ್. ಅದರ ಚೈನು, ಚಕ್ರಗಳ ನಡುವಿನ ಸಂದು, ಹೊಟ್ಟೆಯ ಕೆಳಭಾಗ ಎಲ್ಲ ಕೆಸರಲ್ಲಿ ತುಂಬಿರಬೇಕು. ಕಬ್ಬಿನೊಳಗೆ ಕಾಯುತ್ತ ನಿಂತಿದ್ದು ಸೆಂಚೂರಿಯನ್. ಅದಕ್ಕೆ ಮೈಮೇಲೆ ತೆಳ್ಳಗೆ ಧೂಳು, ಪಕ್ಕದ ತಗಡಿನ ಅಂಚಿಗೆ ಒಂದಿಷ್ಟು ಒಣಕೆಸರು, ಮೇಲೆ ನಾಲ್ಕು ಕಬ್ಬಿನ ಗರಿ ಸಾಕು. ಗರಿಗೆ ನಾನು ತೆಂಗಿನ ನಾರಿಗೆ ಹಸಿರು ಹಚ್ಚಿ ಬಳಸುತ್ತೇನೆ.

ಕೆಸರು ಮಾಡುವುದು ಕಷ್ಟವಲ್ಲ. ಫೆವಿಕಾಲ್, ಸ್ವಲ್ಪ ನೀರು, ನುಣ್ಣನೆಯ ಮರಳು, ಕಂದು ಬಣ್ಣ. ಆದರೆ ಒಂದೇ ಸಲಕ್ಕೆ ಬಳಿಯಬಾರದು. ಮೊದಲು ತಿಳಿ ಬಣ್ಣದ ಒಣಕೆಸರು. ಅದು ಪೂರ್ತಿ ಒಣಗಿದ ಮೇಲೆ, ಕೆಳಗೆ ಮಾತ್ರ ಗಾಢ ಬಣ್ಣದ ಹಸಿ ಕೆಸರು. ಈ ಎರಡನೆಯದಕ್ಕೆ ಹೊಳಪಿನ ವಾರ್ನಿಶ್ ಒಂದೆರಡು ಹನಿ ಬೆರೆಸಿದರೆ ಒದ್ದೆಯಾಗಿಯೇ ಕಾಣುತ್ತದೆ. ನಿನ್ನೆಯ ಕೆಸರಿನ ಮೇಲೆ ಇವತ್ತಿನ ಕೆಸರು, ಅಲ್ವಾ? ಕೊನೆಗೆ ಬ್ರಶ್ಶಿನ ತುದಿಯನ್ನು ಹೆಬ್ಬೆರಳಿನಿಂದ ಮೀಟಿ ನಾಲ್ಕು ಹನಿ ಸಿಡಿಸುತ್ತೇನೆ. ಸಿಡಿಸುವಾಗ ಪಕ್ಕದ ಟ್ಯಾಂಕುಗಳನ್ನು ದೂರ ಇಡಿ.

ಇನ್ನು ಬಣ್ಣ ಕಿತ್ತ ಗುರುತುಗಳು. ಪ್ಯಾಕಿಂಗಿಗೆ ಬರುವ ಸ್ಪಂಜಿನ ಚೂರನ್ನು ಗಾಢ ಕಂದಿನಲ್ಲಿ ಅದ್ದಿ, ಕಾಗದದ ಮೇಲೆ ಒತ್ತಿ ಬಹುಪಾಲು ಬಣ್ಣ ಹೋಗುವಂತೆ ಮಾಡಿ, ಆಮೇಲೆ ಅಂಚುಗಳಿಗೆ ಮೆಲ್ಲಗೆ ತಾಗಿಸಬೇಕು. ಎಲ್ಲರೂ ಎಡವುವುದು ಇಲ್ಲೇ. ಮಾಡಲ್ ಮೇಲೆ ಒಂದು ಮಿಲಿಮೀಟರ್ ಚುಕ್ಕೆ ಅಂದರೆ ನಿಜವಾದ ಟ್ಯಾಂಕಿನಲ್ಲಿ ಹತ್ತು ಸೆಂಟಿಮೀಟರ್. ಅಂಗೈ ಅಗಲದಷ್ಟು ಬಣ್ಣ ಕಿತ್ತುಹೋದ ಹಾಗೆ! ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯ ಮ್ಯೂಸಿಯಂ ಮುಂದೆ ಒಂದು ಟಿ-55 ಟ್ಯಾಂಕ್ ಇದೆ. ಅಸಲ್ ಉತ್ತರ್‌ಗೂ ಅದಕ್ಕೂ ಸಂಬಂಧವಿಲ್ಲ. ಆದರೂ ಅದರ ಪಕ್ಕ ನಿಂತಾಗ ಅಳತೆ ಮನಸ್ಸಿಗೆ ಇಳಿಯಿತು. ಒಂದೊಂದು ಚಕ್ರವೂ ತೊಡೆಯೆತ್ತರ. ಅಷ್ಟು ದೊಡ್ಡ ಮೈಮೇಲೆ ಕೈಯಗಲದ ಗೀರುಗಳು ಎಷ್ಟು ಇರಬಹುದು? ಸೈನಿಕರು ಹತ್ತಿ ಇಳಿಯುವ ಜಾಗ, ಮುಚ್ಚಳದ ಸುತ್ತ, ಕೊಂಬೆ ತಾಗುವ ಮೂಲೆ, ಅಷ್ಟೇ. ಮನೆಗೆ ಬಂದು ಅರ್ಧಕ್ಕರ್ಧ ಚುಕ್ಕೆಗಳ ಮೇಲೆ ಮತ್ತೆ ಹಸಿರು ಬಳಿದೆ.

ಚೈನಿನ ವಿಷಯಕ್ಕೂ ಇದೇ ಯೋಚನೆ. ನೆಲಕ್ಕೆ ಉಜ್ಜುವ ಕಡೆ ಮಾತ್ರ ಲೋಹ ಹೊಳೆಯುತ್ತದೆ. ಒಳಗೆ ಕೆಸರೂ ತುಕ್ಕೂ ಕೂತಿರುತ್ತದೆ. ಸೆಂಚೂರಿಯನ್‌ನ ಹಿಂಬದಿಯಲ್ಲಿ ಎರಡೂ ಪಕ್ಕಕ್ಕೆ ಹೊಗೆ ಬಿಡುವ ಸೈಲೆನ್ಸರ್ ಇದೆ. ಬಿಸಿಗೆ ಅಲ್ಲಿ ಬಣ್ಣ ಉಳಿಯುವುದಿಲ್ಲ. ತುಕ್ಕಿನ ಕಿತ್ತಳೆ ಹಚ್ಚುವುದಕ್ಕೆ ನಾನು ಮನಸ್ಸು ಬಿಚ್ಚುವ ಒಂದೇ ಜಾಗ ಅದು.

ಮಳೆಗಾಲದಲ್ಲಿ ಈ ಕೆಲಸ ಮಾಡುವವರಿಗೆ ಒಂದು ಮಾತು. ಹೋದ ಜುಲೈನಲ್ಲಿ, ಹೊರಗೆ ಜಡಿಮಳೆ ಹಿಡಿದಿರುವಾಗ, ನಾಲ್ಕು ಸೆಂಚೂರಿಯನ್‌ಗಳಿಗೆ ಮ್ಯಾಟ್, ಅಂದರೆ ಹೊಳಪಿಲ್ಲದ, ವಾರ್ನಿಶ್ ಸ್ಪ್ರೇ ಮಾಡಿದೆ. ಹತ್ತು ನಿಮಿಷದಲ್ಲಿ ಮೈಯೆಲ್ಲ ಬೂದಿ ಬಳಿದ ಹಾಗೆ ಬೆಳ್ಳಗಾಯಿತು. ಗಾಳಿಯ ತೇವ ವಾರ್ನಿಶ್ ಒಳಗೆ ಸಿಕ್ಕಿಕೊಂಡರೆ ಹೀಗಾಗುತ್ತದೆ. ಮೂರು ವಾರದ ಕೆಲಸ. ಆ ರಾತ್ರಿ ನಿದ್ದೆ ಬರಲಿಲ್ಲ. ಮಾರನೇ ದಿನ ಬ್ರಶ್ಶಿನಲ್ಲಿ ಹೊಳಪಿನ ವಾರ್ನಿಶ್ ತೆಳ್ಳಗೆ ಬಳಿದಾಗ ಮಂಜು ಮೆಲ್ಲಗೆ ಕರಗಿ, ಕೆಳಗಿನ ಹಸಿರು ಮತ್ತೆ ಕಂಡಿತು. ಈಗ ಮಳೆಗಾಲದಲ್ಲಿ ಸ್ಪ್ರೇ ಮುಟ್ಟುವುದಿಲ್ಲ. ಬ್ರಶ್ಶಿನಲ್ಲೇ ಹಚ್ಚುತ್ತೇನೆ.

ಹನ್ನೊಂದರಲ್ಲಿ ಹತ್ತು ಮುಗಿದಿವೆ. ಉಳಿದಿರುವುದು ಕೊನೆಯ ಪ್ಯಾಟನ್. ಅದು ಆಟದಲ್ಲಿ ಓಡುವುದಿಲ್ಲ. ಕಬ್ಬಿನ ಗದ್ದೆಯಲ್ಲಿ ಹೂತು, ಸಿಬ್ಬಂದಿ ಬಿಟ್ಟುಹೋದ ಟ್ಯಾಂಕು. ಮೇಲಿನ ಮುಚ್ಚಳವನ್ನು ಬ್ಲೇಡಿನಿಂದ ಬಿಡಿಸಿ ತೆರೆದಿಟ್ಟಿದ್ದೇನೆ. ಚೈನು ಅರ್ಧ ಮುಳುಗಿದೆ. ಒಳಗಿನಿಂದ ಕೆಸರಿಗೆ ಹಾರಿದವರ ಬೂಟಿನ ಗುರುತು ಒಂದೆರಡನ್ನು ಪಕ್ಕದ ಮಣ್ಣಿನಲ್ಲಿ ಸೂಜಿಯಿಂದ ಒತ್ತಬೇಕು. ಅಂಟು ಇನ್ನೂ ಹಸಿಯಿದೆ. ಈ ಮಾತು ಮುಗಿಸಿ ಮನೆಗೆ ಹೋಗುವ ಹೊತ್ತಿಗೆ ಸರಿಯಾದ ಹದಕ್ಕೆ ಬಂದಿರುತ್ತದೆ.

ನಮಸ್ಕಾರ.