ಘಟ್ಟದ ಊರಲ್ಲಿ ಹಳೇ ಟರ್ಬೊ ಕಾರು, ಅದರ ಆಯಿಲ್ ಲೆಕ್ಕ

ವಿಡಿಯೊ ಶುರುವಿಗೇ ಈ ಬಟ್ಟೆ ಮೇಲಿನ ಕಂದು ಗೆರೆ ನೋಡಿ. ಈಗಷ್ಟೇ ಡಿಪ್‌ಸ್ಟಿಕ್, ಅಂದರೆ ಇಂಜಿನ್ ಆಯಿಲ್ ಮಟ್ಟ ನೋಡುವ ಕಡ್ಡಿ, ಒರೆಸಿದ್ದು. ಆಯಿಲ್ ಮ್ಯಾಕ್ಸ್ ಗುರುತಿಗಿಂತ ಸ್ವಲ್ಪ ಕೆಳಗಿದೆ. ಹಾಗಾದರೆ ಈ ಕಾರು ಆಯಿಲ್ ಕುಡಿಯುತ್ತಿದೆಯಾ? ಇದೊಂದು ಗೆರೆ ನೋಡಿ ಹೇಳಲು ಬರುವುದಿಲ್ಲ. ನಮ್ಮ ಶಿರಸಿಯಲ್ಲಂತೂ ಬರುವುದೇ ಇಲ್ಲ.

ಕಾರು ಎರಡು ಲೀಟರ್ ಇಂಜಿನ್ನಿನ ಟರ್ಬೊ ಪೆಟ್ರೋಲ್, ಸೆಕೆಂಡ್ ಹ್ಯಾಂಡ್. ಟರ್ಬೊ ಅಂದರೆ ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಫ್ಯಾನ್. ಆಕ್ಸಿಲರೇಟರ್ ಒತ್ತಿದರೆ ಬೆನ್ನು ಸೀಟಿಗೆ ಅಂಟುತ್ತದೆ, ಅದಕ್ಕೇ ಕೊಂಡಿದ್ದು. ಮಾರಿದವರು ಸರ್ವಿಸ್ ಪುಸ್ತಕ ಕೊಟ್ಟರು. ಅದರಲ್ಲಿ ಆಯಿಲ್ ಬದಲಿಸಿದ ತಾರೀಕು ಇದೆ, ನಡುವೆ ಎಷ್ಟು ಸುರಿದರು ಅನ್ನುವುದು ಇಲ್ಲ. ಯಾರೂ ಬರೆದಿಡುವುದಿಲ್ಲ ಬಿಡಿ. ಗ್ಯಾರೇಜಿನಲ್ಲಿ ಕೇಳಿದರೆ, "ಇಂಥ ಗಾಡಿಗೆ ಇದೆಲ್ಲ ಮಾಮೂಲಿ ಸರ್" ಅಂದರು.

ಮಾಮೂಲಿ ಅಂದರೆ ಎಷ್ಟು? ಸ್ಕೋಡಾ, ಫೋಕ್ಸ್‌ವ್ಯಾಗನ್‌ನ ಎಷ್ಟೋ ಕೈಪಿಡಿಗಳಲ್ಲಿ 1000 ಕಿ.ಮೀ.ಗೆ ಅರ್ಧ ಲೀಟರ್‌ವರೆಗೂ ಖರ್ಚಾಗಬಹುದು ಅಂತ ಬರೆದಿರುತ್ತದೆ. ಓದಲು ಚಿಕ್ಕದಾಗಿ ಕಾಣುತ್ತದೆ ಅಲ್ವಾ? 10,000 ಕಿ.ಮೀ.ಗೆ ಲೆಕ್ಕ ಹಾಕಿ, ಐದು ಲೀಟರ್ ಆಯಿತು. ಇಂಥ ಇಂಜಿನ್ನಿನ ಹೊಟ್ಟೆಯಲ್ಲಿ ಇರುವುದೇ ಸುಮಾರು ಅಷ್ಟು. ನಡುವೆ ಸುರಿಯದೆ ಸರ್ವಿಸ್ ದಿನಕ್ಕೆ ಕಾಯುತ್ತಾ ಕೂತರೆ, ಅಷ್ಟು ದಿನ ಇಂಜಿನ್ ಉಳಿಯುವುದಿಲ್ಲ. ಕಂಪನಿ ಬರೆದ ಮಿತಿ ವಾರಂಟಿಯ ವಾದಕ್ಕೆ ಆಗುತ್ತದೆ. ನಮಗೆ ಬೇಕಾದದ್ದು ನಮ್ಮ ಗಾಡಿಯ ಅಂಕಿ, ಮತ್ತು ಅದು ಏರುತ್ತಿದೆಯಾ ಇಲ್ಲವಾ ಅನ್ನುವುದು.

ಅಳೆಯಲು ಮೊದಲು ಬೇಕಾದದ್ದು ಸಮತಟ್ಟಾದ ಜಾಗ. ಮಲೆನಾಡಲ್ಲಿ ಅದೇ ದೊಡ್ಡ ಕಷ್ಟ! ನಮ್ಮ ಮನೆ ದಾರಿ ಪೂರ್ತಿ ಇಳಿಜಾರು. ಕಾರಿನ ಮೂತಿ ಸ್ವಲ್ಪ ಮೇಲಿದ್ದರೂ ಸಂಪಿನಲ್ಲಿರುವ (ಇಂಜಿನ್ ತಳದ ಆಯಿಲ್ ತಟ್ಟೆ) ಆಯಿಲ್ ಒಂದು ಕಡೆ ಸರಿಯುತ್ತದೆ, ಕಡ್ಡಿ ಬೇರೆಯದೇ ಕಥೆ ಹೇಳುತ್ತದೆ. ಸಪಾಟಾಗಿರುವುದು ಅಂಗಳ ಮಾತ್ರ. ಅಲ್ಲಿ ಚಾಲಿ ಅಡಿಕೆ ಒಣಗುವ ಕಾಲದಲ್ಲಿ ಕಾರು ತಂದರೆ ಮನೆಯಿಂದ ನನ್ನನ್ನೇ ಹೊರಗೆ ಹಾಕುತ್ತಾರೆ. ಆಗ ಪೆಟ್ರೋಲ್ ಬಂಕಿನ ಮೂಲೆಯೇ ಗತಿ. ಬೇರೆ ದಿನಗಳಲ್ಲಿ ರಾತ್ರಿ ಅಂಗಳದಲ್ಲಿ ನಿಲ್ಲಿಸಿ, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲೇ ನೋಡುತ್ತೇನೆ. ಕೈಪಿಡಿಯಲ್ಲಿ ಸಾಮಾನ್ಯವಾಗಿ ಇಂಜಿನ್ ಬಿಸಿ ಮಾಡಿ, ಆಫ್ ಮಾಡಿ, ಕೆಲವು ನಿಮಿಷ ಬಿಟ್ಟು ನೋಡಿ ಅಂತ ಇರುತ್ತದೆ. ಮಟ್ಟ ಸರಿ ಇದೆಯಾ ಅಂತ ತಿಳಿಯಲು ಅದೇ ಸರಿ. ಈ ಸಲಕ್ಕೂ ಮುಂದಿನ ಸಲಕ್ಕೂ ಹೋಲಿಸಬೇಕಾದರೆ ಮಾತ್ರ ಬೆಳಗಿನ ತಣ್ಣನೆ ಅಳತೆ ವಾಸಿ, ಹೆಚ್ಚುಕಡಿಮೆ ಆಗುವುದು ಕಡಿಮೆ. ಎರಡನ್ನೂ ಬೆರೆಸಬೇಡಿ.

ಇಷ್ಟಾದರೂ ಕಡ್ಡಿ ಒರಟು ಅಳತೆಯೇ. ಹಾಗಾಗಿ ನಾನು ಸುರಿಯುವ ಆಯಿಲ್ಲನ್ನು ತೂಗುತ್ತೇನೆ. ಇದು ಅಡುಗೆಮನೆಯ ಡಿಜಿಟಲ್ ತಕ್ಕಡಿ, ಕಾಳುಮೆಣಸು ತೂಗುವುದಕ್ಕೆ ಇಟ್ಟಿದ್ದು. "ತಮಾ, ತಕ್ಕಡಿಗೆ ಎಣ್ಣೆ ತಾಗ್ಸಡ" ಅಂತ ಆಯಿ ಒಳಗಿಂದ ಕೂಗುತ್ತಿರುವುದು ನಿಮಗೂ ಕೇಳಿಸಿರಬೇಕು. ಒಂದು ಲೀಟರ್ ಇಂಜಿನ್ ಆಯಿಲ್ ಸುಮಾರು 850 ಗ್ರಾಂ ತೂಗುತ್ತದೆ. ಸುರಿಯುವ ಮೊದಲು ಬಾಟಲಿ ತೂಗಿ, ಸುರಿದ ಮೇಲೆ ತೂಗಿ. 170 ಗ್ರಾಂ ಕಡಿಮೆ ಆದರೆ 200 ಎಂಎಲ್ ಹೋಯಿತು ಅಂತ ಲೆಕ್ಕ. ಓಡೋಮೀಟರ್ ಅಂಕಿಯ ಪಕ್ಕ ಅದನ್ನು ಬರೆದಿಡಿ. ಪ್ರತಿ ಸಲವೂ ಒಂದೇ ಗುರುತಿಗೆ ತುಂಬಿಸಿ. ಮ್ಯಾಕ್ಸ್ ದಾಟಿಸಬೇಡಿ. ಜಾಸ್ತಿಯಾದ ಆಯಿಲ್ಲಿಗೆ ಒಳಗೆ ತಿರುಗುವ ಕ್ರ್ಯಾಂಕ್ ದಂಡ ತಾಗಿದರೆ ನೊರೆ ಏಳುತ್ತದೆ, ಆವಿಯಾಗಿ ಇನ್‌ಟೇಕಿಗೆ (ಇಂಜಿನ್ ಗಾಳಿ ಎಳೆಯುವ ದಾರಿ) ಹೋಗಿ ಉರಿಯುತ್ತದೆ. ಆಗ ಸುಮ್ನೆ ಬೇಗ ಖಾಲಿಯಾದಂತೆ ಕಾಣುತ್ತದೆ.

ಈಗ ನೋಡುತ್ತಿರುವುದು ದೇವಿಮನೆ ಘಟ್ಟ, ಕುಮಟಾ ಕಡೆ ಇಳಿಯುತ್ತಿದ್ದೇವೆ. ಎಡಕ್ಕೆ ಕಾಡು, ಮುಂದೆ ಒಂದು ಲಾರಿ, ಮಾತಾಡಲು ಬೇಕಾದಷ್ಟು ಸಮಯ. ಇಳಿಯುವಾಗ ಗೇರಿನಲ್ಲೇ ಕಾಲು ತೆಗೆದು ಬಿಡುತ್ತೇವೆ, ಬ್ರೇಕ್ ಕಾಯಬಾರದು ಅಂತ. ಆಗ ಗಾಳಿ ಒಳಬಿಡುವ ಬಾಗಿಲು, ಥ್ರಾಟಲ್, ಮುಚ್ಚಿರುತ್ತದೆ, ಪಿಸ್ಟನ್ ಮಾತ್ರ ಗಾಳಿ ಎಳೆಯುತ್ತಲೇ ಇರುತ್ತದೆ. ಒಳಗೆ ಜೋರು ನಿರ್ವಾತ. ವಾಲ್ವ್ ಸೀಲಿನ ರಬ್ಬರ್ ಹಳತಾಗಿ ಗಟ್ಟಿಯಾಗಿದ್ದರೆ, ಪಿಸ್ಟನ್ ಸುತ್ತಲಿನ ರಿಂಗ್ ಸವೆದಿದ್ದರೆ, ಆ ಸಂದಿಗಳಿಂದ ಆಯಿಲ್ ಸಿಲಿಂಡರಿಗೆ ಬರುತ್ತದೆ. ಕೆಳಗೆ ಬಂದು ಆಕ್ಸಿಲರೇಟರ್ ಒತ್ತಿದ ಕೂಡಲೇ ಹಿಂದೆ ನೀಲಿ ಹೊಗೆ. ಹಿಂದಿನ ಕಾರಿನಲ್ಲಿ ಒಬ್ಬರು ಮೊಬೈಲ್ ಹಿಡಿದು ಕೂತರೆ ಇಂಜಿನ್ ಬಿಚ್ಚದೇ ಸಿಗುವ ಒಳ್ಳೆ ಪರೀಕ್ಷೆ ಇದು. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ಒಂದು ಉಸಿರು ನೀಲಿ ಹೊಗೆ ಬಂದರೆ ವಾಲ್ವ್ ಸೀಲ್ ಮೇಲೆ ಅನುಮಾನ. ಘಟ್ಟ ಹತ್ತುವಾಗ, ಟರ್ಬೊ ಜೋರಾಗಿ ಊದುವಾಗ ಬಂದರೆ ರಿಂಗ್ ಅಥವಾ ಟರ್ಬೊ ಸೀಲ್ ನೋಡಬೇಕು. ಚಳಿಯಲ್ಲಿ ಕಾಣುವ ಬಿಳಿ ಆವಿ ಬೇರೆ, ಅದಕ್ಕೆ ಹೆದರಬೇಡಿ.

ಘಟ್ಟದ ತಿರುವುಗಳ ಬಗ್ಗೆ ಇನ್ನೊಂದು ಮಾತು. ಆಯಿಲ್ ಕಡಿಮೆ ಇದ್ದಾಗ ಹೇರ್‌ಪಿನ್ ತಿರುವಿನಲ್ಲಿ ಜೋರಾಗಿ ತಿರುಗಿಸಿದರೆ, ಉಳಿದದ್ದು ಸಂಪಿನ ಒಂದು ಮೂಲೆಗೆ ಹೋಗುತ್ತದೆ. ಪಂಪು ಗಾಳಿ ಹೀರುತ್ತದೆ. ಟರ್ಬೊದ ಬೇರಿಂಗ್ ನಿಂತಿರುವುದೇ ಆಯಿಲ್ಲಿನ ತೆಳು ಪದರದ ಮೇಲೆ. ಕೆಂಪು ದೀಪ ಹೊತ್ತಿದರೆ ಅದು ಮಟ್ಟದ ದೀಪ ಅಲ್ಲ, ಒತ್ತಡದ ದೀಪ. ಕಂಡ ತಕ್ಷಣ ಬದಿಗೆ ನಿಲ್ಲಿಸಿ ಇಂಜಿನ್ ಆಫ್ ಮಾಡಿ. ಮುಂದಿನ ಊರು ನೋಡೋಣ ಅನ್ನಬೇಡಿ.

ಇನ್ನು ಮಳೆಗಾಲ. ಜೂನ್‌ನಿಂದ ನನ್ನ ಓಡಾಟ ಮನೆ, ಪೇಟೆ, ಮತ್ತೆ ಮನೆ. ಇಂಜಿನ್ ಸರಿಯಾಗಿ ಬಿಸಿಯಾಗುವ ಮೊದಲೇ ಬಂದು ನಿಲ್ಲುತ್ತದೆ. ಪೆಟ್ರೋಲನ್ನು ನೇರ ಸಿಲಿಂಡರ್ ಒಳಗೇ ಚಿಮ್ಮಿಸುವ (ನೇರ ಇಂಜೆಕ್ಷನ್) ಇಂಥ ಇಂಜಿನ್ನಿನಲ್ಲಿ ಉರಿಯದ ಪೆಟ್ರೋಲ್ ಸಿಲಿಂಡರ್ ಗೋಡೆಯಿಂದ ಇಳಿದು ಆಯಿಲ್ಲಿಗೆ ಸೇರುತ್ತದೆ, ಜತೆಗೆ ನೀರಿನ ಪಸೆ. ಅತ್ತ ಆಯಿಲ್ ಉರಿದು ಕಡಿಮೆಯಾಗುತ್ತಿದ್ದರೆ ಇತ್ತ ಪೆಟ್ರೋಲ್ ಅದನ್ನು ತುಂಬಿಸುತ್ತಾ ಇರುತ್ತದೆ. ಕಡ್ಡಿ ನೋಡಿದರೆ ಮಟ್ಟ ಇಳಿದೇ ಇಲ್ಲ! ಖುಷಿಯಾಗುತ್ತದೆ. ಆಮೇಲೆ ಬೆಂಗಳೂರಿಗೆ ಅಂತ 400 ಕಿ.ಮೀ. ಒಂದೇ ಓಟ ಹೋದರೆ, ಬಿಸಿಗೆ ಪೆಟ್ರೋಲೂ ನೀರೂ ಆವಿಯಾಗಿ ಮಟ್ಟ ದಢಕ್ಕಂತ ಇಳಿಯುತ್ತದೆ. ಇಂಜಿನ್ ರಾತ್ರೋರಾತ್ರಿ ಕೆಟ್ಟಿತು ಅಂತ ಗಾಬರಿ ಬೀಳುತ್ತೇವೆ. ಅದಕ್ಕೇ ಮಳೆಗಾಲದ ಅಂಕಿಗಳನ್ನು ನಾನು ಬೇರೆ ಹಾಳೆಯಲ್ಲಿ ಬರೆಯುತ್ತೇನೆ, ನಂಬುವುದಿಲ್ಲ. ಕಡ್ಡಿಗೆ ಪೆಟ್ರೋಲ್ ವಾಸನೆ ಬಂದರೆ ಕಿ.ಮೀ. ಲೆಕ್ಕ ನೋಡದೆ ಆಯಿಲ್ ಬದಲಿಸುತ್ತೇನೆ.

ಆಯಿಲ್ ಖರೀದಿ ವಿಷಯ ಬೇಗ ಮುಗಿಸುತ್ತೇನೆ. ಕೈಪಿಡಿಯಲ್ಲಿರುವ, ಕಾರು ಕಂಪನಿ ಆಯಿಲ್ಲಿಗೆ ಕೊಟ್ಟ ಅನುಮೋದನೆ ಸಂಖ್ಯೆ ನೋಡಿ ತಗೊಳ್ಳಿ, 5ಡಬ್ಲ್ಯು-40 ಅಂತ ಆಯಿಲ್ ಎಷ್ಟು ಮಂದ ಅನ್ನುವ ಗ್ರೇಡ್ ನೋಡಿದರೆ ಸಾಲದು. ದಾರಿ ಬದಿಯ ಅಂಗಡಿಯಲ್ಲಿ ಟ್ರ್ಯಾಕ್ಟರ್, ಬೈಕಿನ ಆಯಿಲ್ ಸುಲಭವಾಗಿ ಸಿಗುತ್ತದೆ, ನಮ್ಮದು ಸಿಗುವುದಿಲ್ಲ. ಡಿಕ್ಕಿಯಲ್ಲಿ ಒಂದು ಲೀಟರ್ ಇರಲಿ.

ಅಂಕಿ ಜಾಸ್ತಿ ಬಂದರೆ ನೇರವಾಗಿ ರಿಂಗ್ ಬದಲಿಸುವ ಮಾತಿಗೆ ಹೋಗಬೇಡಿ, ಅದಕ್ಕೆ ಇಂಜಿನ್ ಬಿಚ್ಚಬೇಕು. ಮೊದಲು ಕೆಳಗೆ ಸೋರಿಕೆ ಇದೆಯಾ ನೋಡಿ. ಆಮೇಲೆ ಪಿಸಿವಿ. ಇಂಜಿನ್ನಿನ ಒಳಗಿನ ಆವಿಯನ್ನು ಸೋಸಿ ಇನ್‌ಟೇಕಿಗೆ ಕಳಿಸುವ ಭಾಗ ಇದು, ಇದರ ರಬ್ಬರ್ ಪದರ ಹರಿದರೆ ಆಯಿಲ್ಲನ್ನೂ ಎಳೆದುಕೊಳ್ಳುತ್ತದೆ. ಕಾರು ನಿಂತು ಇಂಜಿನ್ ಸುಮ್ಮನೆ ಓಡುವಾಗ (ಐಡಲ್) ಸಿಳ್ಳೆ ಸದ್ದು, ಆಯಿಲ್ ಮುಚ್ಚಳ ಎಳೆದರೂ ಬಿಡದಷ್ಟು ಬಿಗಿ, ಇವೆರಡೂ ಅದರ ಸುಳಿವು. ರಿಂಗಿನ ಖರ್ಚಿನ ಮುಂದೆ ಇದು ಏನೂ ಅಲ್ಲ. ಸ್ಪಾರ್ಕ್ ಪ್ಲಗ್ ನಾಲ್ಕೂ ಬಿಚ್ಚಿ ಸಾಲಾಗಿ ಇಟ್ಟು ನೋಡಿ. ಒಂದರಲ್ಲಿ ಮಾತ್ರ ಜಿಡ್ಡು ಮಸಿ ಇದ್ದರೆ ತೊಂದರೆ ಆ ಸಿಲಿಂಡರಿನದ್ದು.

ನನ್ನ ಕಾರಿನ ಅಂಕಿ ಸದ್ಯ 1000 ಕಿ.ಮೀ.ಗೆ 200 ಎಂಎಲ್ ಆಸುಪಾಸು ನಿಂತಿದೆ, ಒಣ ತಿಂಗಳುಗಳ ಲೆಕ್ಕ. ಹೀಗೇ ಇದ್ದರೆ ಸುರಿಯುತ್ತಾ ಓಡಿಸುತ್ತೇನೆ. ಪಿಸಿವಿ ಬದಲಿಸಿದ ಮೇಲೂ ಅದು 400 ದಾಟಿದರೆ ಹುಬ್ಬಳ್ಳಿಗೆ ಒಯ್ದು ಲೀಕ್‌ಡೌನ್ ಟೆಸ್ಟ್ (ಸಿಲಿಂಡರಿಗೆ ಗಾಳಿ ತುಂಬಿಸಿ ಎಷ್ಟು ಸೋರುತ್ತದೆ ಅಂತ ನೋಡುವುದು) ಮಾಡಿಸುತ್ತೇನೆ. ಆ ವಿಡಿಯೊ ಬರದೇ ಇರಲಿ ಅಂತಲೇ ನನ್ನ ಆಸೆ.