ಅದು ತುಂಟತನ ಅಲ್ಲ, ರಚ್ಚೆ

ಸಂಜೆ ಏಳು ಗಂಟೆ. ನಾನು ಸೋಫಾ ಮೇಲೆ ಕಾಲು ಮಡಚಿ ಕೂತಿದೀನಿ, ಯಾಕಂದ್ರೆ ಕೆಳಗಿಟ್ಟರೆ ಪಾದಕ್ಕೆ ಹಲ್ಲು ಬೀಳತ್ತೆ. ನಮ್ಮ ಬೆಲ್ಲ, ಹತ್ತು ವಾರದ ಲ್ಯಾಬ್ರಡಾರ್ ಮರಿ, ಸೋಫಾದಿಂದ ಚಪ್ಪಲಿ ಸ್ಟ್ಯಾಂಡಿಗೆ, ಅಲ್ಲಿಂದ ಅಡುಗೆಮನೆ ಬಾಗಿಲಿಗೆ ದಿಕ್ಕೆಟ್ಟು ಓಡ್ತಾ ಇದೆ. ನೈಟಿ ಅಂಚು ಸಿಕ್ಕಿದ್ರೆ ಜೋತು ಬೀಳತ್ತೆ. ಬೆಳಿಗ್ಗೆ 'ಕೂತ್ಕೋ' ಅಂದಾಗಲೆಲ್ಲ ಕೂತ ಪ್ರಾಣಿ, ಈಗ ಅದೇ ಮಾತಿಗೆ ನನ್ನ ಮುಖ ನೋಡಿ ಬೊಗಳತ್ತೆ.

ಒಂದು ವಾರ ಇದೇ ಕಥೆ. ಕೇಳಿದವರೆಲ್ಲ ಹೇಳಿದ್ದು ಒಂದೇ: "ಎನರ್ಜಿ ಜಾಸ್ತಿ, ಚೆನ್ನಾಗಿ ಆಡಿಸಿ ಸುಸ್ತು ಮಾಡಿ." ಎದುರು ಮನೆ ಆಂಟಿ ಮಾತ್ರ ಉಪ್ಪು ಮೆಣಸಿನಕಾಯಿ ತಂದು ದೃಷ್ಟಿ ತೆಗೆದ್ರು, ಮರಿ ಆ ಮೆಣಸಿನಕಾಯಿಗೇ ಹಾರಿತು. ನಾನು ಹೆಚ್ಚು ಜನ ಹೇಳಿದ್ದನ್ನೇ ಕೇಳಿದೆ. ಮುಕ್ಕಾಲು ಗಂಟೆ ಚೆಂಡು ಎಸೆದೆ, ಹಗ್ಗ ಎಳೆದಾಡಿಸಿದೆ. ಕಚ್ಚೋದು ಇನ್ನೂ ಜೋರಾಯ್ತು.

ಆಗ ಊರಿಂದ ಅಮ್ಮ ಬಂದಿದ್ರು. ಅವರಿಗೆ ನಾಯಿ ಅಂದ್ರೆ ಅಷ್ಟಕ್ಕಷ್ಟೆ. ದೂರದ ಕುರ್ಚಿಯಲ್ಲಿ ಕೂತು ಐದು ನಿಮಿಷ ನೋಡಿದವರು, "ರಚ್ಚೆ ಹಿಡಿದಿದೆ ಕಣೇ. ನಿದ್ದೆ ಬಂದಿದೆ ಅದಕ್ಕೆ, ಮಲಗಿಸು" ಅಂದ್ರು.

ನೋಡಿ, ಮಗು ಹೀಗೆ ಆಡಿದ್ರೆ ನಮ್ಮಲ್ಲಿ ಯಾರೂ "ಇನ್ನೊಂದು ಗಂಟೆ ಕುಣಿಸಿ" ಅನ್ನಲ್ಲ. ದೀಪ ಆರಿಸಿ ತೊಟ್ಟಿಲಿಗೆ ಹಾಕ್ತೀವಿ. ನಾಯಿಮರಿಗೆ ಮಾತ್ರ ಯಾಕೆ ಉಲ್ಟಾ? ಸುಸ್ತು ಮಾಡಿ ಅನ್ನೋ ಸಲಹೆ ಬೆಳೆದ ನಾಯಿಗೆ ಹೇಳಿದ್ದು. ಮರಿಗೆ ಅದನ್ನೇ ಹೇಳೋದು ತಪ್ಪು ಅಂತ ನಾನು ಖಂಡಿತವಾಗಿ ಹೇಳ್ತೀನಿ.

ಈ ವಯಸ್ಸಿನ ಮರಿಗೆ ದಿನಕ್ಕೆ 18ರಿಂದ 20 ಗಂಟೆ ನಿದ್ದೆ ಬೇಕು. ನಾನು ಕ್ಯಾಲೆಂಡರ್ ಹಿಂದೆ ಪೆನ್ಸಿಲ್ಲಲ್ಲಿ ಗುರುತು ಹಾಕಿ ಮೂರು ದಿನ ಲೆಕ್ಕ ಇಟ್ಟೆ. ಬೆಲ್ಲಕ್ಕೆ ಸಿಗ್ತಾ ಇದ್ದದ್ದು ಹನ್ನೆರಡು, ಜಾಸ್ತಿ ಅಂದ್ರೆ ಹದಿಮೂರು. ಹೇಗೆ ಸಿಗತ್ತೆ ಹೇಳಿ? ಹಾಲಿನವನು, ಕೊರಿಯರ್, ಟಿವಿ, ಕುಕ್ಕರ್, ಮೇಲಿನ ಮಹಡಿ ಮಕ್ಕಳು. ಕಣ್ಣು ಮುಚ್ಚಿದ ಐದು ನಿಮಿಷಕ್ಕೆ ಯಾರೋ ಒಬ್ಬರು "ಅಯ್ಯೋ ಎಷ್ಟು ಮುದ್ದಾಗಿದೆ" ಅಂತ ಎತ್ಕೊಳ್ತಾರೆ. ದಣಿದಿದ್ರೂ ತಾನಾಗಿ ಒಂದು ಮೂಲೆಗೆ ಹೋಗಿ ಮಲಗೋ ಬುದ್ಧಿ ಅದಕ್ಕಿನ್ನೂ ಬಂದಿರಲ್ಲ.

"ಹಲ್ಲು ಬರ್ತಿದೆ, ಅದಕ್ಕೇ ಕಚ್ಚತ್ತೆ" ಅನ್ನೋರೂ ಇದಾರೆ. ಹತ್ತು ವಾರಕ್ಕೆ ಬಾಯಲ್ಲಿರೋದು ಸೂಜಿ ಥರದ ಹಾಲುಹಲ್ಲು. ಅವು ಉದುರಿ ಬೇರೆ ಹಲ್ಲು ಹುಟ್ಟೋಕೆ ಶುರುವಾಗೋದು ಸುಮಾರು ನಾಲ್ಕನೇ ತಿಂಗಳಿಗೆ. ಹಾಗಂತ ಓಡಿದ್ದೆಲ್ಲ ರಚ್ಚೆ ಅಲ್ಲ. ಸ್ನಾನ ಆದ ಮೇಲೆ ಎರಡು ನಿಮಿಷ ಹುಚ್ಚೆದ್ದು ಓಡಿ, ತಾನೇ ನಿಂತು ಮೈ ಕೊಡವಿಕೊಂಡ್ರೆ ಅದು ಖುಷಿ. ರಚ್ಚೆ ನಿಲ್ಲಲ್ಲ, ಏರ್ತಾನೇ ಹೋಗತ್ತೆ.

ಅದು ಏರೋಕೆ ಮುಂಚೆ ಸುಳಿವು ಸಿಗತ್ತೆ. ಬೆಲ್ಲ ಮೊದಲು ಆಟದ ಸಾಮಾನು ಬಿಟ್ಟು ನನ್ನ ಕೈಗೆ ಬಾಯಿ ಹಾಕತ್ತೆ. ಮಲಗತ್ತೆ, ತಕ್ಷಣ ಏಳತ್ತೆ, ಮತ್ತೆ ಮಲಗತ್ತೆ. ಎದುರಿಗೇ ಇರೋ ಚೆಂಡು ಕಾಣಲ್ಲ, ಮೇಜಿನ ಕಾಲಿಗೆ ಡಿಕ್ಕಿ ಹೊಡೆಯತ್ತೆ. ಅಷ್ಟಾದ್ರೆ ನಾನು ಆಟ ನಿಲ್ಲಿಸ್ತೀನಿ. ಉಚ್ಚೆ ಮಾಡಿಸಿ, ಹೊಟ್ಟೆಗಾಗಿದೆಯಾ ನೋಡಿ, ಬೀರು ಪಕ್ಕದ ಪ್ಲೇಪೆನ್‌ಗೆ, ಅಂದ್ರೆ ಮರಿಗೆ ಅಂತ ಸುತ್ತ ಬೇಲಿ ಕಟ್ಟಿದ ಜಾಗಕ್ಕೆ, ಬಿಡ್ತೀನಿ. ಅದರ ಒಂದು ಬದಿಗೆ ಅಮ್ಮನ ಹಳೇ ಕಾಟನ್ ಸೀರೆ ಇಳಿಬಿಟ್ಟಿದೀನಿ. ಉಳಿದ ಕಡೆ ಗಾಳಿಗೆ ಬಿಟ್ಟಿದೀನಿ, ಸೆಖೆಗೆ ಸುತ್ತಲೂ ಮುಚ್ಚಬಾರದು. ಫ್ಯಾನ್ ಹಾಕಿ ಲೈಟ್ ಆರಿಸಿದ್ರೆ ಆಯ್ತು.

ಮೊದಲ ದಿನಗಳಲ್ಲಿ ಕುಂಯ್ ಕುಂಯ್ ಅಂದಾಗ ಒಳಗೆ ತಳ್ಳಿ ಹೋಗಲಿಲ್ಲ, ಪಕ್ಕದಲ್ಲೇ ನೆಲದ ಮೇಲೆ ಕೂತಿದ್ದೆ, ಮಾತಾಡದೆ. ಏಳೆಂಟು ನಿಮಿಷಕ್ಕೆ ಗೊರಕೆ. ಬೈದು ಶಿಕ್ಷೆ ಅಂತ ಅಲ್ಲಿ ಹಾಕಿದ್ರೆ ಕೆಲಸ ಕೆಟ್ಟಿತು. ಆ ಜಾಗ ಕಂಡ್ರೇ ಹೆದರತ್ತೆ.

ಈಗ ನಮ್ಮದು ಅಂದಾಜಿನ ಲೆಕ್ಕ: ಒಂದು ಗಂಟೆ ಎಚ್ಚರ, ಎರಡು ಗಂಟೆ ನಿದ್ದೆ. ಊಟ, ಆಟ, ಒಂದೆರಡು ನಿಮಿಷದ ಪಾಠ ಎಲ್ಲಾ ಆ ಒಂದು ಗಂಟೆಯಲ್ಲೇ. ಗಡಿಯಾರ ಹಿಡಿದು ಕೂರಲ್ಲ, ದೊಡ್ಡದಾದ ಹಾಗೆ ಎಚ್ಚರದ ಹೊತ್ತು ತಾನೇ ಬೆಳೆಯತ್ತೆ. ನಾಲ್ಕೈದು ದಿನಕ್ಕೆ ಏಳು ಗಂಟೆ ರಂಪ ಇಳೀತು.

ಒಂದು ಎಚ್ಚರಿಕೆ. ಎದ್ದ ಮೇಲೂ ಮಂಕಾಗಿದ್ರೆ, ಊಟ ಬಿಟ್ರೆ, ವಾಂತಿ ಭೇದಿ ಆದ್ರೆ ಅದನ್ನ ನಿದ್ದೆ ಅಂತ ಬಿಡಬೇಡಿ. ಮರಿಗಳಿಗೆ ಪಾರ್ವೋ ಅನ್ನೋ ವೈರಸ್ ಕಾಯಿಲೆ ಬಂದ್ರೆ ಕೈಯಲ್ಲಿ ಸಮಯ ಇರಲ್ಲ, ಆ ಕ್ಷಣವೇ ಡಾಕ್ಟರ್ ಹತ್ರ ಓಡಿ.

ಮರಿಗಿಂತ ಕಷ್ಟ ಜನರದ್ದು. "ಮಗೂಗಿಂತ ಹೆಚ್ಚು ಮಾಡ್ತೀಯ" ಅಂತ ನಾದಿನಿ ನಗ್ತಾಳೆ. ಬಂದ ನೆಂಟರಿಗೆಲ್ಲ "ಎಬ್ಬಿಸಬೇಡಿ" ಅಂತ ಹೇಳಿ ಹೇಳಿ ಕೆಟ್ಟವಳಾಗಿದೀನಿ. ಇವತ್ತು ಮೇಲಿನ ಮಹಡಿ ಮಕ್ಕಳು ಬೆಲ್ ಒತ್ತಿದ್ರು. ಆರೂವರೆಗೆ ಏಳತ್ತೆ, ಆಗ ಬನ್ನಿ ಅಂದೆ. ಆರು ಇಪ್ಪತ್ತಕ್ಕೆ ಬಾಗಿಲು ತೆಗೆದು ನೋಡ್ತೀನಿ, ಮೂವರೂ ಮೆಟ್ಟಿಲ ಮೇಲೆ ಪಿಸುಗುಟ್ತಾ ಕೂತಿದ್ದಾರೆ.